ಮಂಗಳವಾಸಿಗಳು ಕಥೆಗಳಿಂದ ಮರೆಯಾದ ಬಗೆ

ವಿಜ್ಞಾನ ಬೆಳೆದಂತೆಲ್ಲ ವೈಜ್ಞಾನಿಕ ಕಥೆ, ಸಿನಿಮಾಗಳ ಜನಪ್ರಿಯತೆಯೂ ಬೆಳೆಯುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮಂಗಳ ಗ್ರಹದ ಕಥೆಗಳು ಕಂಡ ಏರಿಳಿತವನ್ನು ಗಮನಿಸಿದರೆ ಸಂಗತಿ ಅಷ್ಟು ಸರಳವಾಗಿಲ್ಲವೆಂದು ತಿಳಿಯುತ್ತದೆ.

1877ರಲ್ಲಿ ಮಂಗಳ ಭೂಮಿಗೆ ಸಮೀಪ ಬಂದಾಗ ಇಟಲಿಯ ಖಗೋಳವಿಜ್ಞಾನಿ ಸ್ಕಿಯಾಪರೆಲ್ಲಿ ಅದರ ಮೇಲೆ ತೆಳುವಾದ ಗೆರೆಗಳನ್ನು ಕಂಡು ನಕ್ಷೆ ಬರೆದರು. ಅವು ಒಣಗುತ್ತಿರುವ ಆ ಲೋಕದ ಜೀವಿಗಳು ಧ್ರುವದ ಹಿಮ ಕರಗಿದ ನೀರನ್ನು ಬಯಲಿಗೆ ಹರಿಸಲು ತೋಡಿದ ಕಾಲುವೆಗಳೆಂದು, 1894ರಲ್ಲಿ ಅರಿಜೋನಾದಲ್ಲಿ ವೀಕ್ಷಣಾಲಯ ಸ್ಥಾಪಿಸಿದ ಪರ್ಸಿವಲ್ ಲೋವೆಲ್ ವಾದಿಸಿದರು. ನೀರಿಗಾಗಿ ಹಪಹಪಿಸುವ ಬುದ್ಧಿವಂತ ಜೀವಿಗಳು, ಪಕ್ಕದಲ್ಲೇ ನೀರು ತುಂಬಿದ ಭೂಮಿ: ಕಥೆಗಾರರಿಗೆ ಇಷ್ಟು ಸಾಕಾಯಿತು. ಮಂಗಳವಾಸಿಗಳು ಭೂಮಿಯ ಮೇಲೆ ಆಕ್ರಮಣ ಮಾಡುವ ಎಚ್.ಜಿ. ವೆಲ್ಸ್ ಅವರ ಕಾದಂಬರಿ 1898ರಲ್ಲಿ ಪುಸ್ತಕವಾಗಿ ಬಂತು. 1912ರಿಂದ ಅಮೆರಿಕದ ಅಗ್ಗದ ಪತ್ರಿಕೆಗಳಲ್ಲಿ ಮಂಗಳದ ಸಾಹಸಕಥೆಗಳು ಧಾರಾವಾಹಿಯಾಗಿ ಹರಿದವು.

ಆದರೆ ಅಷ್ಟರಲ್ಲಾಗಲೇ ವಿಜ್ಞಾನಿಗಳ ನಂಬಿಕೆ ಸಡಿಲವಾಗಿತ್ತು. 1909ರಲ್ಲಿ ಪ್ಯಾರಿಸ್ ಬಳಿಯ 83 ಸೆಂ.ಮೀ. ದೂರದರ್ಶಕದಲ್ಲಿ ನೋಡಿದ ಖಗೋಳವಿಜ್ಞಾನಿ ಆಂಟೊನಿಯಾಡಿ ಅವರಿಗೆ ಗೆರೆಗಳ ಜಾಗದಲ್ಲಿ ಕಂಡದ್ದು ಅಡ್ಡಾದಿಡ್ಡಿ ಕಲೆಗಳು ಮಾತ್ರ. ಹೀಗಿದ್ದೂ ಕಥೆಗಳು ಇನ್ನೂ ಅರ್ಧ ಶತಮಾನ ಬಾಳಿದವು. 1938ರಲ್ಲಿ ವೆಲ್ಸ್ ಕಾದಂಬರಿ ಸುದ್ದಿಯ ಧಾಟಿಯಲ್ಲಿ ರೇಡಿಯೊ ನಾಟಕವಾದಾಗ ಕೆಲವು ಕೇಳುಗರು ಅದನ್ನು ನಿಜವೆಂದೇ ನಂಬಿದರು. ಭೂಮಿಯ ವಾತಾವರಣ ಸದಾ ಅಲುಗಾಡುತ್ತ ದೂರದರ್ಶಕದ ಬಿಂಬವನ್ನು ಮಸುಕಾಗಿಸುತ್ತದೆ. ವಾದವನ್ನು ಮುಗಿಸಬಲ್ಲ ಸ್ಪಷ್ಟ ಛಾಯಾಚಿತ್ರ ಯಾರ ಕೈಯಲ್ಲೂ ಇರಲಿಲ್ಲ. ಜನಪ್ರಿಯ ಕಲ್ಪನೆ ಬಾಳುವುದು ಇಂಥ ಇತ್ಯರ್ಥವಾಗದ ಎಡೆಯಲ್ಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಎಡೆ ಮುಚ್ಚಿದ್ದು 1965ರ ಜುಲೈನಲ್ಲಿ. ಮಂಗಳದ ಪಕ್ಕದಲ್ಲಿ ಹಾದುಹೋದ ಮ್ಯಾರಿನರ್ 4 ನೌಕೆ ತಾನು ತೆಗೆದ ಚಿತ್ರಗಳನ್ನು ಸೆಕೆಂಡಿಗೆ ಸುಮಾರು 8 ಬಿಟ್‌ಗಳಂತೆ ಕಳುಹಿಸುತ್ತಿದ್ದುದರಿಂದ, 200 ಸಾಲುಗಳ ಒಂದು ಚಿತ್ರ ಭೂಮಿಗೆ ಬಂದು ಸೇರಲು ಎಂಟು ಗಂಟೆಗೂ ಹೆಚ್ಚು ಸಮಯ ಬೇಕಿತ್ತು. ಕಂಪ್ಯೂಟರ್ ಮೊದಲ ಚಿತ್ರವನ್ನು ಸಿದ್ಧಪಡಿಸುವವರೆಗೆ ಕಾಯಲಾರದ ಎಂಜಿನಿಯರುಗಳು, ಚಿತ್ರದ ಒಂದೊಂದು ಚುಕ್ಕೆಯ ಹೊಳಪನ್ನು ಸೂಚಿಸುವ ಅಂಕಿಗಳನ್ನು ಕಾಗದದ ಪಟ್ಟಿಗಳಲ್ಲಿ ಅಚ್ಚು ಹಾಕಿಸಿ, ಸಾಲಾಗಿ ಗೋಡೆಯ ಫಲಕಕ್ಕೆ ಜೋಡಿಸಿ, ಒಂದೊಂದು ಅಂಕಿಗೂ ಬಣ್ಣದ ಕಡ್ಡಿಯಿಂದ ಬಣ್ಣ ತುಂಬಿದರು. ಮುಂದಿನ ಚಿತ್ರಗಳಲ್ಲಿ ಕಾಲುವೆಗಳಿರಲಿಲ್ಲ, ಚಂದ್ರನ ಮೇಲಿರುವಂಥ ಕುಳಿಗಳಿದ್ದವು. ವಾತಾವರಣದ ಒತ್ತಡವೂ ಭೂಮಿಯದರ ನೂರನೇ ಒಂದು ಪಾಲಿಗಿಂತ ಕಡಿಮೆಯೆಂದು ತಿಳಿಯಿತು. ಮಂಗಳವಾಸಿಗಳು ಗಂಭೀರ ಕಥೆಗಳಿಂದ ಬಹುಮಟ್ಟಿಗೆ ಮರೆಯಾದರು. ಅನ್ಯಲೋಕದ ಜೀವಿಗಳಿಗೆ ಬೇರೆ ನಕ್ಷತ್ರಗಳ ಗ್ರಹಗಳಲ್ಲಿ ನೆಲೆ ಸಿಕ್ಕಿತು.

1971ರಿಂದ ಮ್ಯಾರಿನರ್ 9 ಒಣಗಿದ ನದೀಪಾತ್ರಗಳನ್ನು ತೋರಿಸಿದ ಮೇಲೆ ಮಂಗಳ ಕಥೆಗಳಿಗೆ ಮರಳಿತು, ಈ ಬಾರಿ ಮನುಷ್ಯನೇ ಅಲ್ಲಿನ ನಿವಾಸಿಯಾಗಿ. 2015ರ ‘ದಿ ಮಾರ್ಷಿಯನ್’ ಚಿತ್ರದ ನಾಯಕ ಅಲ್ಲಿ ಆಲೂಗಡ್ಡೆ ಬೆಳೆಯುತ್ತಾನೆ. ಆ ಮಣ್ಣಿನಲ್ಲಿ ವಿಷಕಾರಿ ಪರ್‌ಕ್ಲೋರೇಟ್ ಲವಣಗಳಿವೆಯೆಂದು, ಚಿತ್ರದಲ್ಲಿ ಕಾಣುವ ಬಿರುಗಾಳಿಯೂ ಅಷ್ಟು ತೆಳುವಾದ ವಾತಾವರಣದಲ್ಲಿ ರಾಕೆಟನ್ನು ಉರುಳಿಸಲಾರದೆಂದು ಪ್ರೇಕ್ಷಕರು ಚರ್ಚಿಸುವಷ್ಟು ಮಂಗಳ ಈಗ ಪರಿಚಿತ.

ಅಪರಿಚಿತವಾಗಿ ಉಳಿದಿರುವುದು ಗುರುವಿನ ಉಪಗ್ರಹ ಯುರೋಪಾದ ಹಿಮದಡಿಯ ಕಡಲು; ಕಥೆಗಾರರೂ ಅತ್ತ ಹೊರಳಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2030ರಲ್ಲಿ ಗುರುವನ್ನು ತಲುಪಲಿದೆ, ಆದರೆ ಹಿಮವನ್ನು ಕೊರೆಯುವ ಸಾಧನ ಅದರಲ್ಲಿಲ್ಲವಾದ್ದರಿಂದ ಆ ಕಡಲಿನ ಜೀವಿಗಳ ಕಥೆಗಳಿಗೆ ಇನ್ನೂ ಸಾಕಷ್ಟು ಆಯುಸ್ಸಿದೆ.