ಐಸ್‌ಲ್ಯಾಂಡ್ ತಂಡದಲ್ಲಿ ಎಲ್ಲರೂ ಅಕ್ಕತಂಗಿಯರಾ?

ಪ್ರಶ್ನೆ: ಸರ್, ಐಸ್‌ಲ್ಯಾಂಡ್ ಮಹಿಳಾ ಫುಟ್‌ಬಾಲ್ ತಂಡದ ಪಟ್ಟಿ ನೋಡಿದೆ. ಹೆಚ್ಚುಕಮ್ಮಿ ಎಲ್ಲರ ಹೆಸರೂ 'ದೋತ್ತಿರ್' ಅಂತಲೇ ಮುಗಿಯುತ್ತದೆ. ಎಲ್ಲರೂ ಒಂದೇ ಮನೆಯವರಾ? ಅಥವಾ ನಮ್ಮಲ್ಲಿ ಗೌಡ, ಶೆಟ್ಟಿ, ಹೆಗಡೆ ಇದ್ದ ಹಾಗೆ ಅದೊಂದು ಸರ್‌ನೇಮಾ?

ಉತ್ತರ: ಅಲ್ಲ. ಎರಡೂ ಅಲ್ಲ.

ಈ ಪ್ರಶ್ನೆ ನನಗೆ ಹೊಸದಲ್ಲ. ಐಸ್‌ಲ್ಯಾಂಡ್ ಹೆಣ್ಣುಮಕ್ಕಳು 2009ರಲ್ಲಿ ಮೊದಲ ಸಲ ಯೂರೋ, ಅಂದರೆ ಯೂರೋಪಿನ ದೇಶಗಳ ಟೂರ್ನಿ, ಆಡಿದರು. ಆಮೇಲೆ 2013, 2017, 2022, 2025. ಒಂದನ್ನೂ ತಪ್ಪಿಸಿಲ್ಲ. ಅವರು ಟೂರ್ನಿ ತಪ್ಪಿಸುವುದಿಲ್ಲ, ನೀವು ಪ್ರಶ್ನೆ ತಪ್ಪಿಸುವುದಿಲ್ಲ. ಪ್ರತಿ ಸಲ ಉತ್ತರ ಬರೆಯುತ್ತೇನೆ. ನಾಲ್ಕು ವರ್ಷ ಬಿಟ್ಟು ಅದೇ ಪ್ರಶ್ನೆ ಮತ್ತೆ ಬಾಗಿಲು ಬಡಿಯುತ್ತದೆ. ಈ ಸಲ ಸ್ವಲ್ಪ ಉದ್ದ ಬರೆದುಬಿಡುತ್ತೇನೆ. ಕತ್ತರಿಸಿ ಇಟ್ಟುಕೊಳ್ಳಿ.

ಮೊದಲು ಉಚ್ಚಾರ. ಬರೆಯುವಾಗ ದೋತ್ತಿರ್ ಅನ್ನೋಣ. ಅವರ ಬಾಯಲ್ಲಿ ಅದು 'ದೋಹ್ತಿರ್' ಅಂತ ಕೇಳಿಸುತ್ತದೆ, ನಡುವೆ ಒಂದು ಸಣ್ಣ ಉಸಿರು. ಅರ್ಥ: ಮಗಳು. ಅಷ್ಟೇ. ಇಂಗ್ಲಿಷಿನ ಡಾಟರ್ ಇದರ ಒಡಹುಟ್ಟು. ಶಾಲೆಯಲ್ಲಿ ಸಂಸ್ಕೃತ ಓದಿದವರಿಗೆ 'ದುಹಿತಾ' ನೆನಪಿರಬಹುದು. ಅದೂ ಇದೇ ಬೇರಿನ ಪದ.

ಈಗ ತಂಡದ ನಾಯಕಿಯ ಹೆಸರು ತೆಗೆದುಕೊಳ್ಳಿ. ಗ್ಲೋದಿಸ್ ಪೆರ್ಲಾ ವಿಗ್ಗೋಸ್‌ದೋತ್ತಿರ್. ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ಬಿನ ಡಿಫೆಂಡರ್. ಅವಳ ಹೆಸರು ಗ್ಲೋದಿಸ್ ಪೆರ್ಲಾ. ಉಳಿದದ್ದು ಹೆಸರಲ್ಲ, ಮಾಹಿತಿ: ವಿಗ್ಗೋನ ಮಗಳು. ಸಾರಾ ಬ್ಯೋರ್ಕ್ ಗುನ್ನಾರ್ಸ್‌ದೋತ್ತಿರ್ ಅಂದರೆ ಗುನ್ನಾರನ ಮಗಳು ಸಾರಾ. ಸ್ವೇಯ್ನ್‌ದೀಸ್ ಜೇನ್ ಯೋನ್ಸ್‌ದೋತ್ತಿರ್, ಯೋನನ ಮಗಳು. ಗಂಡು ಮಗುವಾದರೆ 'ದೋತ್ತಿರ್' ಜಾಗದಲ್ಲಿ 'ಸೋನ್', ಅಂದರೆ ಮಗ. ನಾವು ಟಿವಿಯಲ್ಲಿ ಸನ್ ಅಂತ ಓದುವುದು ಅದನ್ನೇ.

ನಡುವಿನ ಆ 'ಸ್' ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ, ಬಿಡುವವನಲ್ಲ. ಅದು ಷಷ್ಠೀ ವಿಭಕ್ತಿ. ನಾವು ಗುನ್ನಾರ'ನ' ಅನ್ನುವಲ್ಲಿ ಅವರದು ಗುನ್ನಾರ್'ಸ್'. ಕನ್ನಡದಲ್ಲಿ ರಾಮ ಇದ್ದರೆ ರಾಮನ, ಹರಿ ಇದ್ದರೆ ಹರಿಯ, ಗುರು ಇದ್ದರೆ ಗುರುವಿನ ಆಗುವುದಿಲ್ಲವೇ? ಅಲ್ಲೂ ಹಾಗೇ. ಅಪ್ಪ ಆಂದ್ರಿ ಆದರೆ ಮಗಳು ಆಂದ್ರಾದೋತ್ತಿರ್. ಅಪ್ಪ ಸಿಗುರ್ದುರ್ ಆದರೆ ಸಿಗುರ್ದರ್‌ದೋತ್ತಿರ್. ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ಕೊನೆಗೂ ಒಂದು ಉಪಯೋಗಕ್ಕೆ ಬಂತು ನೋಡಿ.

ಇಷ್ಟು ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. "ಸರಿ ಸರ್, ಎಲ್ಲರೂ ಬೇಡ. ಆದರೆ ಇಬ್ಬರು ಸಿಗುರ್ದರ್‌ದೋತ್ತಿರ್ ಇದ್ದರೆ ಅವರಾದರೂ ಅಕ್ಕತಂಗಿ ಇರಬೇಕಲ್ಲ?" ಅನ್ನುತ್ತಾರೆ. ಹಟ ಇರುವುದೇ ಇಲ್ಲಿ. 2022ರ ಯೂರೋ ತಂಡದಲ್ಲಿ ನಿಜಕ್ಕೂ ಇಬ್ಬರಿದ್ದರು. ಗೋಲ್‌ಕೀಪರ್ ಸಾಂದ್ರಾ ಸಿಗುರ್ದರ್‌ದೋತ್ತಿರ್, ಡಿಫೆಂಡರ್ ಇಂಗಿಬ್ಯೋರ್ಗ್ ಸಿಗುರ್ದರ್‌ದೋತ್ತಿರ್. ಸಾಂದ್ರಾ ಹತ್ತು ವರ್ಷಕ್ಕೂ ಜಾಸ್ತಿ ದೊಡ್ಡವಳು, ದೇಶದ ಉತ್ತರದ ಮೀನುಗಾರರ ಊರಿನವಳು. ಇಂಗಿಬ್ಯೋರ್ಗ್ ದಕ್ಷಿಣ ತೀರದ ಗ್ರಿಂದಾವಿಕ್‌ನವಳು. ಈಚೆಗೆ ಜ್ವಾಲಾಮುಖಿಯ ಸುದ್ದಿಯಲ್ಲಿ ಮತ್ತೆ ಮತ್ತೆ ಕೇಳಿದಿರಲ್ಲ, ಅದೇ ಊರು. ಇಬ್ಬರ ಅಪ್ಪಂದಿರ ಹೆಸರೂ ಸಿಗುರ್ದುರ್. ಅಲ್ಲಿಗೆ ಮುಗಿಯಿತು. ನಮ್ಮೂರಲ್ಲಿ ಇಬ್ಬರು ಮಂಜುನಾಥರ ಹೆಣ್ಣುಮಕ್ಕಳು ಒಂದೇ ಕಬಡ್ಡಿ ತಂಡದಲ್ಲಿ ಆಡಿದರೆ ಅವರು ಅಕ್ಕತಂಗಿ ಆಗುತ್ತಾರಾ?

ಈಗ ಉಲ್ಟಾ ನೋಡೋಣ, ನನಗೆ ಇದು ತುಂಬಾ ಇಷ್ಟದ ಉದಾಹರಣೆ. ಅದೇ ತಂಡದಲ್ಲಿ ಅಮಾಂಡಾ ಆಂದ್ರಾದೋತ್ತಿರ್ ಎಂಬ ಚಿಕ್ಕ ಹುಡುಗಿ ಇದ್ದಳು. ಅವಳ ಅಪ್ಪ ಆಂದ್ರಿ ಸಿಗ್‌ಥೋರ್ಸನ್, ಅವರೂ ದೇಶಕ್ಕೆ ಆಡಿದವರು. ಅಪ್ಪನ ತಮ್ಮ ಯಾರು ಗೊತ್ತಾ? ಕೋಲ್‌ಬೇಯ್ನ್ ಸಿಗ್‌ಥೋರ್ಸನ್. 2016ರ ಪುರುಷರ ಯೂರೋದಲ್ಲಿ ಇಂಗ್ಲೆಂಡನ್ನು 2-1ರಿಂದ ಮನೆಗೆ ಕಳಿಸಿದ ಆ ಎರಡನೇ ಗೋಲು ಹೊಡೆದವನು. ಅಂದರೆ ಸ್ವಂತ ಚಿಕ್ಕಪ್ಪ ಮತ್ತು ಅಣ್ಣನ ಮಗಳು. ಪಟ್ಟಿಯಲ್ಲಿ ಹೆಸರು ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಹೆಸರಿನ ಕೊನೆ ಒಂದೇ ಇದ್ದವರು ಯಾರೋ ಏನೋ, ರಕ್ತ ಒಂದೇ ಇದ್ದವರ ಕೊನೆ ಬೇರೆ ಬೇರೆ. ಪ್ರತಿ ತಲೆಮಾರಿಗೆ ಬದಲಾಗುವುದನ್ನು ಮನೆತನದ ಹೆಸರು ಅನ್ನುವುದು ಹೇಗೆ?

ಮದುವೆಯಾದರೂ ಇದು ಬದಲಾಗುವುದಿಲ್ಲ. ಗಂಡ ಯಾರೇ ಆಗಲಿ, ನೀವು ನಿಮ್ಮ ಅಪ್ಪನ ಮಗಳೇ ತಾನೇ? ಸಾರಾ ಗುನ್ನಾರ್ಸ್‌ದೋತ್ತಿರ್ ಸಂಗಾತಿ ಆರ್ನಿ ವಿಲ್ಯಾಲ್ಮ್‌ಸನ್, ಅವನೂ ಫುಟ್‌ಬಾಲ್ ಆಟಗಾರ. ಅವರ ಮಗ ಆರ್ನಾಸನ್. ಒಂದೇ ಮನೆ, ಮೂರು ಜನ, ಮೂರು ಕೊನೆ. ಯಾರಿಗೂ ಏನೂ ತೊಂದರೆಯಿಲ್ಲ.

ಅಪ್ಪನ ಹೆಸರೇ ಆಗಬೇಕು ಅಂತಲೂ ಇಲ್ಲ. ಇಂಗ್ಲೆಂಡಿನಲ್ಲಿ ವಾಟ್‌ಫರ್ಡ್, ಫುಲಮ್ ಕಡೆ ಆಡಿದ ಹೇಯ್ದರ್ ಹೆಲ್ಗುಸನ್ ನೆನಪಿದ್ದಾನಾ? ಹೆಲ್ಗಾ ಅವನ ತಾಯಿ.

ಅಪವಾದಗಳೂ ಇವೆ. ಇಲ್ಲದಿದ್ದರೆ "ಹಾಗಾದರೆ ಗುದ್ಯೋನ್ಸೆನ್?" ಅಂತ ನಾಳೆಯೇ ಇನ್ನೊಂದು ಪತ್ರ ಬರುತ್ತದೆ. ಚೆಲ್ಸಿ, ಬಾರ್ಸಿಲೋನಾಗೆ ಆಡಿದ ಏಯ್ದುರ್ ಗುದ್ಯೋನ್ಸೆನ್‌ನದು ನಿಜವಾದ ಮನೆತನದ ಹೆಸರು. ಹಿಂದಿನ ಕಾಲದಲ್ಲಿ ಡೆನ್ಮಾರ್ಕಿನ ಪ್ರಭಾವದಲ್ಲಿ ಕೆಲವು ಮನೆಯವರು ಇಂಥ ಹೆಸರು ಇಟ್ಟುಕೊಂಡರು. 1925ರಲ್ಲಿ ಕಾನೂನು ಮಾಡಿ ಹೊಸದಾಗಿ ಯಾರೂ ಇಟ್ಟುಕೊಳ್ಳಬಾರದು ಅಂದರು. ಇದ್ದವರದು ಉಳಿಯಿತು. ಮಹಿಳಾ ತಂಡದಲ್ಲೂ ಎಲಿನ್ ಮೆತ್ತಾ ಯೆನ್ಸೆನ್, ಸಾಂದ್ರಾ ಮರಿಯಾ ಯೆಸ್ಸೆನ್ ಅಂತ ಒಬ್ಬಿಬ್ಬರು ದೋತ್ತಿರ್ ಇಲ್ಲದವರು ಕಾಣಿಸುತ್ತಾರೆ.

ಸ್ವೀಡನ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲೂ ಒಂದು ಕಾಲಕ್ಕೆ ಇದೇ ಪದ್ಧತಿ ಇತ್ತು, ಆಮೇಲೆ ಹೆಪ್ಪುಗಟ್ಟಿತು. ಬಯರ್ನ್‌ನಲ್ಲಿ ಗ್ಲೋದಿಸ್ ಜೊತೆಗೇ ಡಿಫೆನ್ಸ್‌ನಲ್ಲಿ ನಿಂತವಳು ಸ್ವೀಡನ್ನಿನ ಮಗ್ದಲೇನಾ ಎರಿಕ್ಸನ್. ಪದಕ್ಕೆ ಪದ ಅರ್ಥ ಮಾಡಿದರೆ 'ಎರಿಕ್‌ನ ಮಗ'. ಹೆಣ್ಣುಮಗಳು, ಹೆಸರಲ್ಲಿ ಮಗ! ಯಾವುದೋ ಕಾಲದ ಮುತ್ತಜ್ಜನೊಬ್ಬ ಎರಿಕ್ ಇದ್ದಿರಬೇಕು. ಹಾಗಾಗಿ ಎರಿಕ್ಸನ್ ಸರ್‌ನೇಮ್, ವಿಗ್ಗೋಸ್‌ದೋತ್ತಿರ್ ಅಲ್ಲ.

ನಿಜ ಹೇಳಬೇಕೆಂದರೆ, ಈ ಪ್ರಶ್ನೆಯನ್ನು ಇಂಗ್ಲಿಷರು ಕೇಳಿದರೆ ನನಗೆ ಬೇಜಾರಿಲ್ಲ. ಕನ್ನಡಿಗರು ಕೇಳಿದಾಗ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮೇ ಇಲ್ಲ. ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ನಮ್ಮ ಹೆಸರು. ಎಚ್.ಡಿ. ದೇವೇಗೌಡರಲ್ಲಿ 'ಡಿ' ಅಂದರೆ ಅವರ ತಂದೆ ದೊಡ್ಡೇಗೌಡರು. ಎಚ್.ಡಿ. ಕುಮಾರಸ್ವಾಮಿಯವರಲ್ಲಿ 'ಡಿ' ಅಂದರೆ ದೇವೇಗೌಡರು. ಅಕ್ಷರ ಒಂದೇ, ಆದರೆ ಒಂದು ತಲೆಮಾರು ಮುಂದೆ ಸರಿದಿದೆ. ಐಸ್‌ಲ್ಯಾಂಡಿನವರು ಅದನ್ನೇ ಹಿಂದೆ ಹಾಕಿ, ಪೂರ್ತಿ ಬರೆದು, 'ಮಗಳು' ಅಂತ ಬಿಡಿಸಿ ಹೇಳುತ್ತಾರೆ.

ನನಗೂ ಇದರ ಬಿಸಿ ತಟ್ಟಿದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಡಬಾರದು ಅಂತ ಯಾರೋ ಹೆದರಿಸಿದರು. ಅಪ್ಪನ ಹೆಸರು ಬರೆದೆ. ಆಮೇಲೆ ಹೊರದೇಶದ ಒಂದು ಹೋಟೆಲಿನಲ್ಲಿ ಕೌಂಟರಿನವಳು "ಮಿಸ್ಟರ್ ತಿಮ್ಮಪ್ಪ, ಮಿಸ್ಟರ್ ತಿಮ್ಮಪ್ಪ" ಅಂತ ನಾಲ್ಕು ಸಲ ಕರೆದಳು. ನಾನು ಹಿಂದೆ ತಿರುಗಿ ನೋಡಿದೆ. ಅಪ್ಪ ತೀರಿಕೊಂಡು ಆಗಲೇ ಆರು ವರ್ಷ ಆಗಿತ್ತು. ನಮ್ಮ ಕಾಮೆಂಟೇಟರುಗಳು "ವಿಗ್ಗೋಸ್‌ದೋತ್ತಿರ್ ಟು ಯೋನ್ಸ್‌ದೋತ್ತಿರ್" ಅನ್ನುವಾಗಲೆಲ್ಲ ನನಗೆ ಆ ಕೌಂಟರ್ ನೆನಪಾಗುತ್ತದೆ. ಐಸ್‌ಲ್ಯಾಂಡಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಅಲ್ಲಿ ಅವಳು ಗ್ಲೋದಿಸ್, ಇವಳು ಸ್ವೇಯ್ನ್‌ದೀಸ್. ದೇಶದ ಅಧ್ಯಕ್ಷರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಟೆಲಿಫೋನ್ ಡೈರೆಕ್ಟರಿಯೂ ಸ್ವಂತ ಹೆಸರಿನ ಕ್ರಮದಲ್ಲೇ ಇರುತ್ತಿತ್ತು.

"ಆದರೆ ಅಷ್ಟು ಸಣ್ಣ ದೇಶ, ದೂರದ ಸಂಬಂಧವಾದರೂ ಇರುತ್ತದಲ್ಲ?" ಇರುತ್ತದೆ, ಯಾಕಿಲ್ಲ? ಇಡೀ ದೇಶದ ಜನಸಂಖ್ಯೆ 4 ಲಕ್ಷ ಮುಟ್ಟಿಲ್ಲ. ದಾವಣಗೆರೆ ಊರೊಂದರಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಅವರ ವಂಶಾವಳಿಯ ದಾಖಲೆ ಎಷ್ಟು ಚೊಕ್ಕ ಅಂದರೆ, ಯಾವ ಇಬ್ಬರ ಸಂಬಂಧ ಎಲ್ಲಿ ಕೂಡುತ್ತದೆ ಅಂತ ಆನ್‌ಲೈನಿನಲ್ಲೇ ಹುಡುಕಬಹುದು. ಆದರೆ ಹುಡುಕಿದರೆ ಸಿಗುವುದು ಏಳೆಂಟು ತಲೆಮಾರಿನ ಹಿಂದಿನ ಅಜ್ಜ. ಅದಕ್ಕೂ ದೋತ್ತಿರ್‌ಗೂ ಸಂಬಂಧವಿಲ್ಲ.

ಇನ್ನು, ಅಕ್ಕತಂಗಿಯರು ಇದ್ದದ್ದೇ ಇಲ್ಲವಾ ಅಂದರೆ, ಇದ್ದರು. ಮಾರ್ಗ್ರೆತ್ ಲಾರಾ ವಿದರ್ಸ್‌ದೋತ್ತಿರ್, ತಂಗಿ ಎಲೀಸಾ ವಿದರ್ಸ್‌ದೋತ್ತಿರ್. ವೆಸ್ಟ್‌ಮನ್ ದ್ವೀಪದ ಹುಡುಗಿಯರು. ಇಬ್ಬರೂ ದೇಶಕ್ಕೆ ಆಡಿದರು. ಅಕ್ಕ 124 ಪಂದ್ಯದಲ್ಲಿ 79 ಗೋಲು ಹೊಡೆದಳು. ಆ ದೇಶದ ಪುರುಷರಲ್ಲಿ ಯಾರೂ 30 ಕೂಡ ದಾಟಿಲ್ಲ. ಅವಳ ಕಥೆ ಕೇಳುವುದು ಬಿಟ್ಟು ಹೆಸರಿನ ಬಾಲ ಹಿಡಿದುಕೊಂಡು ಜಗ್ಗಾಡುತ್ತೀರಲ್ಲ, ಅದೇ ನನ್ನ ಸಂಕಟ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ. ಇಷ್ಟು ಚೆನ್ನಾಗಿ ಆಡುವ ತಂಡ ಒಂದು ವಿಶ್ವಕಪ್ಪನ್ನೂ ಯಾಕೆ ಆಡಿಲ್ಲ? 2023ರವರೆಗಿನ ಒಂಬತ್ತು ವಿಶ್ವಕಪ್‌ಗಳಲ್ಲಿ ಒಂದರಲ್ಲೂ ಇವರಿಲ್ಲ.

ಚೆನ್ನಾಗಿ ಆಡುವುದಕ್ಕೆ ಕಾರಣ ಹೇಳುವುದು ಸುಲಭ. ಚಳಿಗಾಲದಲ್ಲಿ ಹೊರಗೆ ಆಡಲಾಗದ ದೇಶ ಅದು. 2000ದಲ್ಲಿ ಕೆಫ್ಲಾವಿಕ್ ಪಕ್ಕ ಮೊದಲ ದೊಡ್ಡ ಒಳಾಂಗಣ ಮೈದಾನ ಕಟ್ಟಿದರು. ಆಮೇಲೆ ಊರೂರಿಗೆ ಬಂತು. ಲೈಸೆನ್ಸ್ ಇರುವ ಕೋಚ್‌ಗಳೇ ಪುಟ್ಟ ಮಕ್ಕಳಿಗೂ ಕಲಿಸುತ್ತಾರೆ. ಹುಡುಗ ಹುಡುಗಿ ಇಬ್ಬರಿಗೂ ಅದೇ ಕ್ಲಬ್. ಪುರುಷರ ತಂಡ 2016ರಲ್ಲಿ ಯೂರೋ ಕ್ವಾರ್ಟರ್‌ಫೈನಲ್ ತಲುಪಿದಾಗ ಜಗತ್ತೇ ಬೆರಗಾಯಿತು. ಮಹಿಳೆಯರು ಅದನ್ನು 2013ರಲ್ಲೇ ಮಾಡಿ ಮುಗಿಸಿದ್ದರು. 2017ರಲ್ಲಿ ಜರ್ಮನಿಯನ್ನು ಅವರ ನೆಲದಲ್ಲೇ 3-2ರಿಂದ, 2024ರ ಜುಲೈಯಲ್ಲಿ ರೇಕ್ಯಾವಿಕ್‌ನಲ್ಲಿ 3-0ಯಿಂದ ಸೋಲಿಸಿದರು.

ದೊಡ್ಡ ಟೂರ್ನಿಗೆ ಬಂದಾಗ ಮಾತ್ರ ಕೂದಲೆಳೆಯಲ್ಲಿ ಜಾರುತ್ತಾರೆ. 2022ರ ಯೂರೋದಲ್ಲಿ ಬೆಲ್ಜಿಯಂ, ಇಟಲಿ, ಫ್ರಾನ್ಸ್ ಮೂರರ ಜೊತೆಯೂ 1-1. ಫ್ರಾನ್ಸ್ ಎದುರು ಇಂಜುರಿ ಟೈಮಿನ 12ನೇ ನಿಮಿಷದಲ್ಲಿ ದಾಗ್ನಿ ಪೆನಾಲ್ಟಿ ಹೊಡೆದು ಸಮ ಮಾಡಿದಳು. ಒಂದೂ ಸೋಲದೆ ಮನೆಗೆ ಹೋದರು. 2025ರಲ್ಲಿ ಸ್ವಿಟ್ಜರ್‌ಲೆಂಡ್‌ನಲ್ಲಿ ಮೂರಕ್ಕೆ ಮೂರೂ ಸೋತರು, ಕೊನೆಯದು ನಾರ್ವೆ ಎದುರು 3-4.

ವಿಶ್ವಕಪ್ಪಿಗೆ ಅತಿ ಹತ್ತಿರ ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ನೆದರ್‌ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ, ಅವರ ಎದುರೇ, ಅರ್ಹತಾ ಸುತ್ತಿನ ಕೊನೆಯ ಪಂದ್ಯ. ಡ್ರಾ ಆಗಿದ್ದರೂ ಸಾಕಿತ್ತು. ಮೇಲೆ ಹೇಳಿದೆನಲ್ಲ, ಗೋಲ್‌ಕೀಪರ್ ಸಾಂದ್ರಾ, ಆ ರಾತ್ರಿ ಅವಳು ಹಿಡಿದ ಚೆಂಡುಗಳಿಗೆ ಲೆಕ್ಕವಿಲ್ಲ. 90 ನಿಮಿಷ ಮುಗಿಯಿತು, ಇನ್ನೂ 0-0. 93ನೇ ನಿಮಿಷದಲ್ಲಿ ಎಸ್ಮೆ ಬ್ರುಗ್ಟ್ಸ್ ಎಂಬ ಹತ್ತೊಂಬತ್ತರ ಹುಡುಗಿ ಬಾರಿಸಿದ ಚೆಂಡು ಒಳಗೆ ಹೋಯಿತು. ಮುಂದಿನ ತಿಂಗಳು ಪೋರ್ಚುಗಲ್‌ನಲ್ಲಿ, ಅವರ ಎದುರೇ, ಪ್ಲೇಆಫ್. ಒಬ್ಬಳಿಗೆ ರೆಡ್ ಕಾರ್ಡ್ ಬಿತ್ತು, ಆದರೂ ಗ್ಲೋದಿಸ್ ಗೋಲು ಹೊಡೆದು 1-1 ಮಾಡಿದಳು. ಹೆಚ್ಚುವರಿ ಸಮಯದಲ್ಲಿ ಕಾಲು ಸೋತವು. ಪೋರ್ಚುಗಲ್ 4-1ರಿಂದ ಗೆದ್ದಿತು.

ಮೇಲೆ ಹೇಳಿದ ಸಾರಾ ಗುನ್ನಾರ್ಸ್‌ದೋತ್ತಿರ್ ಆಗಲೇ ಫ್ರಾನ್ಸಿನ ಲಿಯಾನ್ ಕ್ಲಬ್ ಪರ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಗೋಲು ಹೊಡೆದಿದ್ದವಳು. ಪೋರ್ಚುಗಲ್ ಪಂದ್ಯವಾಗಿ ಮೂರು ತಿಂಗಳಿಗೆ, 2023ರ ಜನವರಿಯಲ್ಲಿ, ದೇಶದ ಜರ್ಸಿ ಬಿಚ್ಚಿಟ್ಟಳು. 145 ಪಂದ್ಯ ಆಡಿದ್ದಳು. ವಿಶ್ವಕಪ್ಪಿನದು ಒಂದೂ ಇಲ್ಲ.