ಗುಂಡು ಕೊಲ್ಲುತ್ತದೆ, ಕೋವಿ ಯಾಕೆ ಕೊಲ್ಲುವುದಿಲ್ಲ?

ಕೋವಿಯ ಟ್ರಿಗರ್ ಎಳೆದ ತಕ್ಷಣ ಗುಂಡು ಮುಂದಕ್ಕೆ ಹಾರುತ್ತದೆ, ಕೋವಿ ಹಿಂದಕ್ಕೆ ಒದೆಯುತ್ತದೆ. ಗುಂಡಿನ ಮೇಲೆ ಎಷ್ಟು ಬಲ ಬಿತ್ತೋ ಅಷ್ಟೇ ಬಲ ಕೋವಿಯ ಮೇಲೂ ಬಿದ್ದಿರುತ್ತದೆ. ನ್ಯೂಟನ್‌ನ ಮೂರನೇ ನಿಯಮ, ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇ. ಬಲವೂ ಸಮ, ಆ ಬಲ ಬಿದ್ದ ಹೊತ್ತೂ ಸಮ. ಆದರೂ ಗುಂಡು ತಾಗಿದವನು ಸಾಯಬಹುದು, ಕೋವಿಯನ್ನು ಹೆಗಲಿಗೆ ಆನಿಸಿಕೊಂಡವನಿಗೆ ಸ್ವಲ್ಪ ಹೆಗಲು ನೋಯುತ್ತದೆ, ಅಷ್ಟೇ. ಇದೆಂಥ ಸಮ?

ಲೆಕ್ಕ ಹಾಕಿಯೇ ನೋಡೋಣ. ಗುಂಡಿನ ರಾಶಿ 10 ಗ್ರಾಂ, ವೇಗ ಸೆಕೆಂಡಿಗೆ 800 ಮೀಟರ್ ಅಂದುಕೊಳ್ಳಿ. ಕೋವಿ 4 ಕಿಲೋ. ರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಗುಂಡಿನದು 0.01 × 800, ಅಂದರೆ 8. ಕೋವಿಗೂ ಅಷ್ಟೇ ಸಿಗಬೇಕು, ದಿಕ್ಕು ಮಾತ್ರ ಉಲ್ಟಾ. ಅದಕ್ಕೆ ಕೋವಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಿಂದೆ ಬಂದರೆ ಸಾಕು. (ಮದ್ದಿನಿಂದ ಹೊರಡುವ ಬಿಸಿ ಅನಿಲವೂ ಒಂದಿಷ್ಟು ಸಂವೇಗ ಹೊತ್ತೊಯ್ಯುತ್ತದೆ. ಸದ್ಯಕ್ಕೆ ಅದನ್ನು ಬಿಡೋಣ.)

ಈಗ ಚಲನ ಶಕ್ತಿ. ಇದಕ್ಕೆ ವೇಗವನ್ನು ವೇಗದಿಂದಲೇ ಗುಣಿಸಿ, ಮತ್ತೆ ರಾಶಿಯಿಂದ ಗುಣಿಸಿ, ಬಂದದ್ದನ್ನು ಅರ್ಧ ಮಾಡಬೇಕು. ಗುಂಡಿಗೆ 3,200 ಜೂಲ್. ಕೋವಿಗೆ ಬರೀ 8 ಜೂಲ್. 400 ಪಟ್ಟು ವ್ಯತ್ಯಾಸ!

ಬಲವೂ ಹೊತ್ತೂ ಒಂದೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬಂತು? ದೂರದಿಂದ. ಗುಂಡು ನಳಿಕೆಯೊಳಗೆ 60 ಸೆಂಟಿಮೀಟರ್ ಓಡುವಷ್ಟರಲ್ಲಿ ಕೋವಿ ಹಿಂದಕ್ಕೆ ಸರಿಯುವುದು ಸುಮಾರು ಒಂದೂವರೆ ಮಿಲಿಮೀಟರ್. ಅದೇ ಬಲ ಗುಂಡನ್ನು ಅಷ್ಟುದ್ದ ತಳ್ಳಿಕೊಂಡು ಹೋಯಿತು, ಕೋವಿಯನ್ನು ಒಂದಿಷ್ಟು ಅಲುಗಿಸಿತು. ಬಲವನ್ನು ಹೊತ್ತಿನಿಂದ ಗುಣಿಸಿದರೆ ಸಂವೇಗ ಎಷ್ಟು ಬದಲಾಯಿತು ಅನ್ನುವುದು ಸಿಗುತ್ತದೆ. ಅದೇ ಬಲವನ್ನು ದೂರದಿಂದ ಗುಣಿಸಿದರೆ ಶಕ್ತಿ ಎಷ್ಟು ಬದಲಾಯಿತು ಅನ್ನುವುದು. ಬಲ, ಸಂವೇಗ, ಶಕ್ತಿ, ಈ ಮೂರರ ನಂಟು ಇಷ್ಟೇ.

ಇಷ್ಟೇ ಅಂತ ಹೇಳುವುದು ಈಗ ಸುಲಭ. ಯುರೋಪಿನ ಘಟಾನುಘಟಿಗಳು ಇದೇ ವಿಷಯಕ್ಕೆ ಅರ್ಧ ಶತಮಾನಕ್ಕೂ ಜಾಸ್ತಿ ಕಿತ್ತಾಡಿದ್ದಾರೆ. ಚಲನೆಯ ಅಳತೆ ಅಂದರೆ ವಸ್ತುವಿನ ಗಾತ್ರ ಗುಣಿಸು ವೇಗ ಎಂದು ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ 1644ರಲ್ಲಿ ಬರೆದಿದ್ದ. 1686ರಲ್ಲಿ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಅದಕ್ಕೆ ಅಡ್ಡ ನಿಂತ. ಅವನ ವಾದ ಚೆಂದ ಇದೆ. 4 ಕಿಲೋ ಭಾರವನ್ನು 1 ಮೀಟರ್ ಎತ್ತುವುದೂ 1 ಕಿಲೋ ಭಾರವನ್ನು 4 ಮೀಟರ್ ಎತ್ತುವುದೂ ಒಂದೇ ಶ್ರಮ. ಅವೆರಡನ್ನೂ ಕೆಳಗೆ ಬಿಟ್ಟರೆ ಎರಡರಿಂದಲೂ ಅಷ್ಟೇ ವಾಪಸ್ ಸಿಗಬೇಕು, ಅಲ್ವಾ? ಆದರೆ ನಾಲ್ಕು ಪಟ್ಟು ಎತ್ತರದಿಂದ ಬಿದ್ದದ್ದು ನೆಲ ಮುಟ್ಟುವಾಗ ಅದರ ವೇಗ ಬರೀ ಎರಡು ಪಟ್ಟು. ರಾಶಿಯನ್ನು ವೇಗದಿಂದ ಗುಣಿಸಿದರೆ ಲೆಕ್ಕ ಕೂಡುವುದಿಲ್ಲ. ವೇಗದ ವರ್ಗದಿಂದ ಗುಣಿಸಿದರೆ ಕೂಡುತ್ತದೆ.

ಮಾತಿನ ಜಗಳವನ್ನು ಮಣ್ಣಿಗೆ ಇಳಿಸಿದವನು ಹಾಲೆಂಡಿನ ವಿಲೆಮ್ ಗ್ರಾವೆಸಾಂಡೆ. 1720ರ ದಶಕದಲ್ಲಿ ಅವನು ಒಂದೇ ಗಾತ್ರದ, ಬೇರೆ ಬೇರೆ ತೂಕದ ಹಿತ್ತಾಳೆ ಚೆಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿದ. ವೇಗ ಎರಡು ಪಟ್ಟಾದಾಗ ಮಣ್ಣಿನಲ್ಲಿ ಆದ ತಗ್ಗು ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಫ್ರಾನ್ಸಿನ ಎಮಿಲಿ ದು ಶಾತ್ಲೆ 1740ರ ತನ್ನ ಪುಸ್ತಕದಲ್ಲಿ ಲೈಬ್ನಿಟ್ಸ್‌ನ ಪರ ಗಟ್ಟಿಯಾಗಿ ನಿಂತಳು. ಆಕೆಯ ಸಂಗಾತಿ, ಸಾಹಿತಿ ವೋಲ್ಟೇರ್ ಎದುರು ಪಕ್ಷ. ಮನೆಯಲ್ಲಿ ಊಟದ ಹೊತ್ತಿಗೆ ಏನು ಮಾತಾಡುತ್ತಿದ್ದರೋ!

ಹಾಗಂತ ಸಂವೇಗ ಸೋಲಲಿಲ್ಲ. ಒಂದೇ ತೂಕದ ಎರಡು ಮಣ್ಣಿನ ಮುದ್ದೆಗಳು ಒಂದೇ ವೇಗದಲ್ಲಿ ಎದುರುಬದುರಾಗಿ ಬಂದು ಅಂಟಿಕೊಂಡು ನಿಂತುಬಿಟ್ಟರೆ ಚಲನ ಶಕ್ತಿ ಪೂರ್ತಿ ಮಾಯ. ಅದು ಮಣ್ಣನ್ನು ಚಪ್ಪಟೆ ಮಾಡಿ, ಬಿಸಿಯಾಗಿ ಹೋಯಿತು. ಸಂವೇಗದ ಲೆಕ್ಕ ಮಾತ್ರ ತಪ್ಪುವುದಿಲ್ಲ. ಎರಡರ ದಿಕ್ಕೂ ಉಲ್ಟಾ, ಹಾಗಾಗಿ ಒಂದರದು ಕೂಡಿಸು, ಇನ್ನೊಂದರದು ಕಳೆ. ಮೊದಲೂ ಸೊನ್ನೆ, ಆಮೇಲೂ ಸೊನ್ನೆ. ದೆಕಾರ್ತ್ ಬಿಟ್ಟದ್ದು ಈ ದಿಕ್ಕನ್ನೇ. ಅದನ್ನು ಸರಿಮಾಡಿದವರಲ್ಲಿ ಹಾಲೆಂಡಿನ ವಿಜ್ಞಾನಿ ಹೈಗೆನ್ಸ್ ಮುಖ್ಯ.

ಈ ಹಳೇ ಜಗಳ ಬ್ರೇಕ್ ಒತ್ತುವವರಿಗೆಲ್ಲ ಸಂಬಂಧಪಟ್ಟದ್ದು. 1,000 ಕಿಲೋ ಕಾರು, ಬ್ರೇಕಿನ ಬಲ 5,000 ನ್ಯೂಟನ್ ಎನ್ನಿ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದರೆ 2 ಸೆಕೆಂಡಿನಲ್ಲಿ, 10 ಮೀಟರ್ ಒಳಗೆ ನಿಲ್ಲುತ್ತದೆ. ವೇಗ 72 ಆದರೆ ಹೊತ್ತು ಎರಡು ಪಟ್ಟು, 4 ಸೆಕೆಂಡ್. ದೂರ ಮಾತ್ರ 40 ಮೀಟರ್. ಯಾಕೆಂದರೆ ವೇಗ 72ರಿಂದ 36ಕ್ಕೆ ಇಳಿಯುವ ಮೊದಲ 2 ಸೆಕೆಂಡಿನಲ್ಲೇ ಕಾರು 30 ಮೀಟರ್ ಓಡಿಬಿಟ್ಟಿರುತ್ತದೆ.

ಈಗ 10 ಮೀಟರ್ ಮುಂದೆ ಒಂದು ಗೋಡೆ ಇದೆ ಅನ್ನಿ. 36ರಲ್ಲಿ ಬಂದ ಕಾರು ಗೋಡೆ ಮುಟ್ಟುವಷ್ಟರಲ್ಲಿ ನಿಂತಿರುತ್ತದೆ. 72ರಲ್ಲಿ ಬಂದದ್ದು ಅದೇ ಬ್ರೇಕ್ ಒತ್ತಿಯೂ 62ರ ವೇಗದಲ್ಲಿ ಗೋಡೆಗೆ ಗುದ್ದುತ್ತದೆ. ಅದು ಜಾಸ್ತಿ ವೇಗ ಬಿಡಿ ಅನ್ನಬಹುದು. ಸುಮ್ನೆ 4 ಕಿಲೋಮೀಟರ್ ಏರಿಸಿ, 40ರಲ್ಲಿ ಬನ್ನಿ. ಗುದ್ದುವ ಹೊತ್ತಿಗೆ ವೇಗ 4 ಇರುವುದಿಲ್ಲ, 17 ದಾಟಿರುತ್ತದೆ.