ಆ ನೀಲಿ ಗಾಜು ತೆಗೆಸುವ ಮುಂಚೆ

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಗಾಜಿನ ತುಂಡಿದೆ. ಅಂಚೆ ಚೀಟಿಯಷ್ಟು ಅಗಲ. ಬೆಳಕಿಗೆ ಹಿಡಿದರೆ ತೆಳು ನೀಲಿ. ಆಕಾಶದ ಫೋಟೋಗಾಗಿ ಕ್ಯಾಮೆರಾ ಮಾಡಿಫೈ ಮಾಡಿಸಲು ಬಂದವರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. "ಇಷ್ಟೇನಾ ಸರ್?" ಅಂತಾರೆ. ಹೌದು, ತೆಗೆಯುವುದು ಇಷ್ಟನ್ನೇ.

ಕ್ಯಾಮೆರಾ ರಿಪೇರಿ ನನ್ನ ಕಸುಬು. ಮಳೆಗಾಲದಲ್ಲಿ ಲೆನ್ಸ್‌ಗೆ ಹಿಡಿದ ಫಂಗಸ್ ಒರೆಸುವುದು, ಸವೆದ ಶಟರ್ ಬದಲಿಸುವುದು ದಿನದ ಕೆಲಸ. ಆದರೆ ಈಚೆಗೆ ಆಕಾಶದ ಫೋಟೋ ತೆಗೆಯುವವರು ಬರುವುದು ಜಾಸ್ತಿಯಾಗಿದೆ. ಅವರಲ್ಲಿ ಬಹಳ ಜನ ಸಂಕೋಚದಿಂದಲೇ ಮಾತು ಶುರು ಮಾಡುತ್ತಾರೆ. "ಟೆಲಿಸ್ಕೋಪ್ ಇಲ್ಲ ಸರ್, ಬರೀ 50 ಎಂಎಂ ಲೆನ್ಸ್ ಇದೆ. ನಡೆಯುತ್ತಾ?"

ನಡೆಯುತ್ತೆ. ಕೆಲವು ನೆಬ್ಯುಲಾಗಳಿಗೆ, ಅಂದರೆ ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡಗಳಿಗೆ, ಅದೇ ಸರಿ. ನೆಬ್ಯುಲಾ ಅಂದರೆ ಎಲ್ಲೋ ದೂರದಲ್ಲಿರುವ ಪುಟ್ಟ ಚುಕ್ಕೆ, ದೊಡ್ಡ ಟೆಲಿಸ್ಕೋಪ್‌ನಲ್ಲಿ ಹಿಗ್ಗಿಸಿ ನೋಡಬೇಕು ಅನ್ನುವ ಕಲ್ಪನೆ ನಮ್ಮಲ್ಲಿದೆ. ಎಷ್ಟೋ ನೆಬ್ಯುಲಾಗಳು ಪುಟ್ಟವಲ್ಲ, ಮಂಕು ಅಷ್ಟೇ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಹುಣ್ಣಿಮೆ ಚಂದ್ರ ಬರೀ ಅರ್ಧ ಡಿಗ್ರಿ. ಓರಿಯನ್, ಅಂದರೆ ನಮ್ಮ ಮಹಾವ್ಯಾಧನ ಸುತ್ತ ಅರ್ಧಚಂದ್ರದ ಹಾಗೆ ಬಾಗಿ ನಿಂತಿರುವ ಬಾರ್ನಾರ್ಡ್ಸ್ ಲೂಪ್ ನಿಮ್ಮ ಮುಷ್ಟಿಗಿಂತ ದೊಡ್ಡದು. ಸಾಮಾನ್ಯ ಟೆಲಿಸ್ಕೋಪ್ ಇಟ್ಟರೆ ಅದರ ಒಂದು ಚೂರು ಮಾತ್ರ ಸಿಗುತ್ತದೆ. ಎಪಿಎಸ್-ಸಿ ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವ ಕ್ಯಾಮೆರಾಗೆ 50 ಎಂಎಂ ಹಾಕಿದರೆ 25 ಡಿಗ್ರಿ ಉದ್ದ, 17 ಡಿಗ್ರಿ ಅಗಲದ ಆಕಾಶ ಬರುತ್ತದೆ. ಲೂಪ್, ವ್ಯಾಧನ ಬೆಲ್ಟ್, ಕುದುರೆ ತಲೆ ನೆಬ್ಯುಲಾ, ಎಂ42 ಅನ್ನುವ ಓರಿಯನ್ ನೆಬ್ಯುಲಾ ಎಲ್ಲ ಒಂದೇ ಫ್ರೇಮಿನಲ್ಲಿ.

ಇವು ಕಣ್ಣಿಗೆ ಯಾಕೆ ಕಾಣುವುದಿಲ್ಲ? ಅಲ್ಲಿರುವುದು ಬಹುಪಾಲು ಹೈಡ್ರೋಜನ್. ಹತ್ತಿರದ ಬಿಸಿ ನಕ್ಷತ್ರಗಳ ಅತಿನೇರಳೆ ಬೆಳಕು ಬಿದ್ದು ಅದರ ಎಲೆಕ್ಟ್ರಾನ್ ಕಿತ್ತುಹೋಗುತ್ತದೆ. ಅದು ಮತ್ತೆ ಬಂದು ಸೇರಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ ಬೆಳಕು ಹೊರಡುತ್ತದೆ. ಮೂರನೇ ಮೆಟ್ಟಿಲಿನಿಂದ ಎರಡಕ್ಕೆ ಇಳಿದಾಗ ಬರುವುದು 656.3 ನ್ಯಾನೋಮೀಟರಿನ ಕೆಂಪು. ಹೈಡ್ರೋಜನ್-ಆಲ್ಫಾ ಅನ್ನುವುದು ಇದನ್ನೇ. ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಈ ಕೆಂಪು ಹತ್ತುವುದೇ ಇಲ್ಲ.

ಸೆನ್ಸರ್‌ಗೆ ಹತ್ತುತ್ತದೆ. ಆದರೆ ಹಗಲಿನ ಫೋಟೋದಲ್ಲಿ ಮೈಬಣ್ಣ, ಸೀರೆ ಬಣ್ಣ ಕಣ್ಣಿಗೆ ಕಂಡ ಹಾಗೇ ಬರಬೇಕಲ್ಲ? ಅದಕ್ಕೇ ಕಂಪನಿಯವರು ಆ ನೀಲಿ ಗಾಜನ್ನು ಸೆನ್ಸರ್ ಮುಂದೆ ಕೂರಿಸುತ್ತಾರೆ. ಅದು 656ರ ಕೆಂಪಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಬಿಡುತ್ತದೆ. ಗಾಜು ತೆಗೆದರೆ ಸೆನ್ಸರ್‌ಗೆ ಮುಟ್ಟುವ ಆ ಕೆಂಪು ಮೂರು ನಾಲ್ಕು ಪಟ್ಟು ಹೆಚ್ಚುತ್ತದೆ. ಕ್ಯಾನನ್ ತಾನೇ 20ಡಿಎ, 60ಡಿಎ ಅಂತ ಇಂಥ ಕ್ಯಾಮೆರಾ ಮಾರಿತ್ತು. 2015ರಲ್ಲಿ ನಿಕಾನ್‌ನ ಡಿ810ಎ ಬಂತು, 2019ರಲ್ಲಿ ಕ್ಯಾನನ್‌ನ ಇಒಎಸ್ ಆರ್‌ಎ. ಅಷ್ಟು ದುಡ್ಡು ಹಾಕಲಾಗದವರು ಸೆಕೆಂಡ್ ಹ್ಯಾಂಡ್ 450ಡಿ, 600ಡಿ ಹಿಡಿದುಕೊಂಡು ನನ್ನಂಥವರ ಹತ್ತಿರ ಬರುತ್ತಾರೆ.

ಬಂದವರಿಗೆಲ್ಲ ನಾನು ಗಾಜು ತೆಗೆದುಕೊಡುವುದಿಲ್ಲ. ಏನು ಫೋಟೋ ತೆಗೆಯುತ್ತೀರಿ ಅಂತ ಮೊದಲು ಕೇಳುತ್ತೇನೆ. ಕೃತ್ತಿಕೆಯ ಸುತ್ತಲಿನ ನೀಲಿ ಮಬ್ಬು ಬೇಕು ಅಂದರೆ ಮಾಡಿಫೈ ಮಾಡಿಸಿ ಲಾಭವಿಲ್ಲ. ಅದು ಧೂಳಿನ ಮೇಲೆ ಬಿದ್ದು ಚದುರಿದ ನಕ್ಷತ್ರದ ಬೆಳಕು. ಅದಕ್ಕೆ ಬೇಕಾದ್ದು ಕತ್ತಲು. ಆಂಡ್ರೊಮೀಡಾ ಗ್ಯಾಲಕ್ಸಿಗೂ ಅಷ್ಟೇ. ಕ್ಯಾಲಿಫೋರ್ನಿಯಾ, ರೋಸೆಟ್, ನಾರ್ತ್ ಅಮೆರಿಕಾ, ಬಾರ್ನಾರ್ಡ್ಸ್ ಲೂಪ್ ಥರದ ಕೆಂಪು ನೆಬ್ಯುಲಾ ಬೇಕು ಅಂದರೆ ಮಾತ್ರ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುತ್ತೇನೆ. ಮನೆಯಲ್ಲಿರುವುದು ಅದೊಂದೇ ಕ್ಯಾಮೆರಾ ಅಂದರೂ ಬೇಡ ಅನ್ನುತ್ತೇನೆ. ವೈಟ್ ಬ್ಯಾಲೆನ್ಸ್ ಕೈಯಿಂದ ಸರಿಮಾಡಬಹುದು, ನಿಜ. ಆದರೆ ಮದುವೆಗೆ ಒಯ್ದು ಎಲ್ಲರ ಮುಖ ಕೆಂಪಗೆ ಬಂದಾಗ ಫೋನ್ ಬರುವುದು ನನಗೆ.

ಬಾರ್ನಾರ್ಡ್ ಕಥೆಯನ್ನೂ ಹೇಳುತ್ತೇನೆ. ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ ನ್ಯಾಶ್‌ವಿಲ್‌ನ ಬಡ ಮನೆಯ ಹುಡುಗ. ಚಿಕ್ಕ ವಯಸ್ಸಿಗೇ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದವನು. (ಈ ಕಾರಣಕ್ಕೇ ನನಗೆ ಅವನ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ.) ಮುಂದೆ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯ ಸೇರಿದ. ಅಲ್ಲಿ 36 ಇಂಚಿನ ಭಾರೀ ದೂರದರ್ಶಕವಿತ್ತು. ಆದರೆ 1894ರಲ್ಲಿ ಆ ಲೂಪ್ ಹಿಡಿಯಲು ಅವನು ಬಳಸಿದ್ದು ಗೋಡೆಯ ಮೇಲೆ ಚಿತ್ರ ತೋರಿಸುವ ಲ್ಯಾಂಟರ್ನ್‌ನ ಪುಟ್ಟ ಲೆನ್ಸ್. ಆ ಕಾಲದ ಫೋಟೋ ಪ್ಲೇಟುಗಳಿಗೆ ಕೆಂಪು ಹತ್ತುತ್ತಲೂ ಇರಲಿಲ್ಲ. ಅದೇ ಅನಿಲ ನೀಲಿ ಕಡೆಗೂ ಸ್ವಲ್ಪ ಬೆಳಕು ಚೆಲ್ಲುತ್ತದಲ್ಲ, ಅದರಲ್ಲೇ ಸಿಕ್ಕಿತು. ಹಾಗಾಗಿ ಮಾಡಿಫೈ ಮಾಡಿಸದಿದ್ದರೆ ಏನೂ ಬರಲ್ಲ ಅಂದುಕೊಳ್ಳಬೇಡಿ. ಜಾಸ್ತಿ ಹೊತ್ತು ಕೂರಬೇಕು, ಅಷ್ಟೇ.

ಇನ್ನು ಬಿಚ್ಚುವ ಕೆಲಸ. ವಿಡಿಯೋ ನೋಡಿಕೊಂಡು ಮನೆಯಲ್ಲೇ ಬಿಚ್ಚುವವರಿಗೆ ಒಂದೇ ಮಾತು. ಪಾಪ್-ಅಪ್ ಫ್ಲ್ಯಾಶ್ ಇರುವ ಕ್ಯಾಮೆರಾದೊಳಗೆ ಕೆಪಾಸಿಟರ್ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದರಲ್ಲಿ 300 ವೋಲ್ಟ್ ಉಳಿದಿರಬಹುದು. ಹೊಡೆದರೆ ಬೆರಳು ಜುಂ ಅನ್ನುವುದಲ್ಲ, ಕ್ಯಾಮೆರಾ ಎಲ್ಲಿ ಬಿತ್ತು ಅಂತ ಹುಡುಕಬೇಕಾಗುತ್ತದೆ.

ನಾನೂ ಕೆಡಿಸಿದ್ದೇನೆ. ಕೆಲವು ಮಾಡೆಲ್‌ಗಳಲ್ಲಿ ಸೆನ್ಸರ್ ಮೂರು ಸ್ಕ್ರೂಗಳ ಮೇಲೆ ನಿಂತಿರುತ್ತದೆ, ಕೆಳಗೆ ಸ್ಪ್ರಿಂಗ್. ಒಂದೊಂದನ್ನೂ ಎಷ್ಟು ಸುತ್ತು ತಿರುಗಿಸಿದೆ ಅಂತ ಬರೆದುಕೊಳ್ಳಬೇಕು. ಶುರುವಿನಲ್ಲಿ ಒಮ್ಮೆ ಬರೆದುಕೊಳ್ಳಲಿಲ್ಲ. ಕ್ಯಾಮೆರಾ ಸರಿಯಾಗೇ ಆನ್ ಆಯ್ತು, ಅಂಗಡಿ ಗೋಡೆಯ ಫೋಟೋನೂ ಚೆನ್ನಾಗಿ ಬಂತು. ವಾರದ ಮೇಲೆ ಹುಡುಗ ವಾಪಸ್ ಬಂದ. ಬಲಗಡೆ ಮೂಲೆಯ ನಕ್ಷತ್ರಗಳೆಲ್ಲ ಜೀರಿಗೆ ಕಾಳಿನ ಹಾಗಿದ್ದವು. ಸೆನ್ಸರ್ ಕೂದಲೆಳೆಯಷ್ಟು ಓರೆಯಾಗಿತ್ತು. ದುಡ್ಡು ವಾಪಸ್ ಕೊಟ್ಟು, ಮೂರು ಸಂಜೆ ಕೂತು ಸರಿಮಾಡಿದೆ. ಅವತ್ತಿನಿಂದ ನಕ್ಷತ್ರದ ಮೇಲೆ ಪರೀಕ್ಷೆ ಮಾಡದೆ ಯಾವ ಕ್ಯಾಮೆರಾನೂ ವಾಪಸ್ ಕೊಟ್ಟಿಲ್ಲ.

ಇನ್ನೊಂದು ಸೂಕ್ಷ್ಮ. ಗಾಜು ತೆಗೆದರೆ ಫೋಕಸ್ ಬೀಳುವ ಜಾಗವೂ ಸರಿಯುತ್ತದೆ, ಹೆಚ್ಚುಕಡಿಮೆ ಗಾಜಿನ ದಪ್ಪದ ಮೂರನೇ ಒಂದರಷ್ಟು. ಎಲ್ಲ ಗಾಜನ್ನೂ ಕಿತ್ತುಹಾಕಿದರೆ ಇನ್‌ಫ್ರಾರೆಡ್ ಕೂಡ ಒಳಗೆ ಬಂದು ನಕ್ಷತ್ರಗಳು ಊದಿಕೊಳ್ಳುತ್ತವೆ. ಲೆನ್ಸ್ ಆ ಬೆಳಕನ್ನು ಅದೇ ಜಾಗಕ್ಕೆ ತರುವುದಿಲ್ಲ. ಅಗ್ಗಕ್ಕೆ "ಫುಲ್ ಸ್ಪೆಕ್ಟ್ರಮ್" ಮಾಡಿಸಿಕೊಂಡು, ಲೆನ್ಸ್ ಸರಿಯಿಲ್ಲ ಅಂತ ನನ್ನ ಹತ್ತಿರ ಬಂದವರಿದ್ದಾರೆ. ಲೆನ್ಸ್ ಸರಿಯಾಗೇ ಇತ್ತು. ಮುಂದೆ ಅತಿನೇರಳೆ, ಇನ್‌ಫ್ರಾರೆಡ್ ತಡೆಯುವ ಯುವಿ-ಐಆರ್ ಕಟ್ ಫಿಲ್ಟರ್ ಬೇಕಿತ್ತು.

ಬಯಲಿಗೆ ಹೋದ ಮೇಲೆ ಟ್ರ್ಯಾಕರ್ ಬೇಕು, ಅಂದರೆ ಆಕಾಶದ ಜೊತೆಗೇ ಕ್ಯಾಮೆರಾ ತಿರುಗಿಸುವ ಯಂತ್ರ. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್). 600ಡಿಯಲ್ಲಿ 50 ಎಂಎಂ ಹಾಕಿದರೆ ಒಂದು ಪಿಕ್ಸೆಲ್ ಸುಮಾರು 18 ಆರ್ಕ್‌ಸೆಕೆಂಡ್. ಸುಮ್ನೆ ಟ್ರೈಪಾಡ್ ಮೇಲೆ ಇಟ್ಟರೆ ಎರಡು ಮೂರು ಸೆಕೆಂಡಿಗೇ ನಕ್ಷತ್ರ ಗೆರೆಯಾಗಲು ಶುರು. ಟ್ರ್ಯಾಕರ್‌ನ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಬೇಕು. ತೊಂದರೆ ಏನೆಂದರೆ ಬೆಂಗಳೂರಿನಿಂದ ಧ್ರುವ ದಿಗಂತದ ಮೇಲೆ ಬರೀ 13 ಡಿಗ್ರಿ. ತೆಂಗಿನ ಮರ, ಗುಡ್ಡ, ಊರಿನ ದೂಳು, ಏನಾದರೂ ಒಂದು ಅಡ್ಡ ಬಂದೇ ಬರುತ್ತದೆ.

ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದಿಕ್ಸೂಚಿಯಿಂದ ಉತ್ತರ ಹಿಡಿಯಿರಿ. ನಮ್ಮ ಕಡೆ ಅಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿಯೊಳಗೇ. ಫೋನಿನ ಲೆವೆಲ್ ಇಟ್ಟು ನಿಮ್ಮೂರಿನ ಅಕ್ಷಾಂಶದಷ್ಟು ಓರೆ ಮಾಡಿ. ಅಕ್ಷ 1 ಡಿಗ್ರಿ ತಪ್ಪಿದರೂ ನಕ್ಷತ್ರ ನಿಮಿಷಕ್ಕೆ ಸರಿಯುವುದು ಹೆಚ್ಚೆಂದರೆ 16 ಆರ್ಕ್‌ಸೆಕೆಂಡ್. 50 ಎಂಎಂನಲ್ಲಿ ಅದು ಒಂದು ಪಿಕ್ಸೆಲ್ಲೂ ಅಲ್ಲ. ಟೆಲಿಸ್ಕೋಪ್ ಇಟ್ಟುಕೊಂಡವರು ಅರ್ಧ ರಾತ್ರಿ ಒದ್ದಾಡುವ ಕೆಲಸ ನಿಮಗೆ ಹತ್ತು ನಿಮಿಷದ್ದು.

ಎಫ್/1.8 ಲೆನ್ಸನ್ನು ಪೂರ್ತಿ ತೆರೆಯಬೇಡಿ, ಮೂಲೆಗಳಲ್ಲಿ ನಕ್ಷತ್ರಕ್ಕೆ ರೆಕ್ಕೆ ಬರುತ್ತದೆ. 2.8 ಅಥವಾ 4. ಐಎಸ್‌ಒ 1600, ಒಂದೊಂದು ನಿಮಿಷದ ಫ್ರೇಮು, ಒಟ್ಟು ಎರಡು ಗಂಟೆ. ನಾಲ್ಕು ಪಟ್ಟು ಫ್ರೇಮು ತೆಗೆದು ಸೇರಿಸಿದರೆ ಫೋಟೋದ ಮೇಲಿನ ಕಾಳು ಕಾಳು ಮಚ್ಚೆ (ನಾಯ್ಸ್) ಅರ್ಧಕ್ಕಿಳಿಯುತ್ತದೆ. ಫೋಕಸನ್ನು ಲೆನ್ಸ್ ಮೇಲಿನ ಇನ್ಫಿನಿಟಿ ಗುರುತಿಗೆ ಬಿಡಬೇಡಿ. ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ ಲುಬ್ಧಕನ ಮೇಲೆ ಮಾಡಿ, ರಿಂಗಿಗೆ ಟೇಪ್ ಹಚ್ಚಿ. ಡಿಸೆಂಬರ್ ಇಬ್ಬನಿಗೆ ಪವರ್ ಬ್ಯಾಂಕ್‌ನಿಂದ ಓಡುವ ಹೀಟರ್ ಪಟ್ಟಿ ಸುತ್ತಿ. ಫ್ರೇಮುಗಳನ್ನು ಸೇರಿಸಲು ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಅನ್ನುವ ಸಾಫ್ಟ್‌ವೇರ್ ಎರಡೂ ಪುಕ್ಕಟೆ ಸಿಗುತ್ತವೆ.

ಮಹಾವ್ಯಾಧ ಪಶ್ಚಿಮಕ್ಕೆ ಇಳಿದ ಮೇಲೂ ಕ್ಯಾಮೆರಾ ಕಪಾಟಿಗೆ ಸೇರಿಸಬೇಡಿ. ಏಪ್ರಿಲ್ ನಡುವಿನಲ್ಲಿ ರಾತ್ರಿ ಒಂಬತ್ತಕ್ಕೆ ದಕ್ಷಿಣಕ್ಕೆ ತಿರುಗಿ. ಬೆಂಗಳೂರಿನಿಂದ ನೋಡಿದರೆ ದಿಗಂತದಿಂದ 17 ಡಿಗ್ರಿ ಮೇಲೆ ಕರೀನಾ ನೆಬ್ಯುಲಾ ಇರುತ್ತದೆ. ಅಗಲ ನಾಲ್ಕು ಚಂದ್ರರಷ್ಟು, ಓರಿಯನ್ ನೆಬ್ಯುಲಾಗಿಂತ ದೊಡ್ಡದು, ಅಷ್ಟೇ ಕೆಂಪು. ಧ್ರುವ ತಗ್ಗಿನಲ್ಲಿರುವ ಊರಿನವರಿಗೇ ಅದು ಇಷ್ಟು ಮೇಲೆ ಸಿಗುವುದು. ಲಿಕ್‌ನಲ್ಲಿ ಕೂತ ಬಾರ್ನಾರ್ಡ್‌ಗೆ ಅದು ಹುಟ್ಟುತ್ತಲೇ ಇರಲಿಲ್ಲ. ಜಾಗ ಹುಡುಕುವಾಗ ದಕ್ಷಿಣಕ್ಕೆ ಯಾವ ಪೇಟೆಯ ದೀಪವೂ ಇಲ್ಲದ ಕೆರೆ ಏರಿಯೋ, ಹೊಲದ ಬದುವೋ ನೋಡಿಕೊಳ್ಳಿ.